ನೀಲಿ ಗೋಡೆಯ ಹೊಟ್ಟೆ

ಬಿಂಕದಕಟ್ಟಿ ಮೃಗಾಲಯದ ಹುಲಿ ಹೋದ ವರ್ಷ ನನಗೆ ಬೆನ್ನು ತಿರುಗಿಸಿ ಮಲಗಿದ್ದು ನಾಚಿಕೆಯಿಂದ. ಬೇರೆ ಯಾರು ಏನೇ ಹೇಳಲಿ, ನಾನು ಪೆನ್ಸಿಲ್ ಹಿಡಿದು ಒಂದು ಕಣ್ಣು ಮುಚ್ಚಿ ನಿಂತರೆ ಎಂಥ ಪ್ರಾಣಿಗೂ ಹಾಗಾಗುತ್ತದೆ. ಚಿತ್ರಕಲೆಯ ಪದವಿ ಬಿವಿಎಯ ಮೊದಲ ವರ್ಷದ ಪ್ರಾಣಿ ಸ್ಕೆಚ್ಚಿಗೆಂದು ನಮ್ಮ ಗದಗಿನ ಕಾಲೇಜಿನವರು ಇಡೀ ತರಗತಿಯನ್ನು ಅಲ್ಲಿಗೆ ಕರೆದೊಯ್ದಿದ್ದರು. ಉಳಿದವರೆಲ್ಲ ಹುಲಿಯ ಬೆನ್ನು ಬರೆದುಕೊಂಡು ಬಂದರು. ನಾನು ಮುಖ ಬರೆದು ತಂದೆ: ಕೋರೆಹಲ್ಲು, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಮಾಂಸದ ಎಳೆ, ಕಣ್ಣಿನ ಪಾಪೆಯಲ್ಲಿ ನನ್ನದೇ ಪ್ರತಿಬಿಂಬ, ಅದೂ ತಲೆ ಬಾಚಿಕೊಂಡು.

ಡ್ರಾಯಿಂಗ್ ಸರ್ ಹಾಳೆಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಹುಲಿ ನನ್ನೊಬ್ಬನ ಕಡೆಗೆ ತಿರುಗಿ ಆಕಳಿಸಿತು ಎಂದು ವಿವರಣೆ ಕೊಟ್ಟೆ. ಅವರು ಹಾಳೆಯ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ‘ಕಂಡದ್ದನ್ನ ಬರಿ’ ಎಂದು ಗೀಚಿ ವಾಪಸು ಕೊಟ್ಟರು. ಅಂದಿನಿಂದ ತರಗತಿಯಲ್ಲಿ ನನ್ನ ಮಾತಿಗೊಂದು ದರ ನಿಗದಿಯಾಯಿತು. ನಾನು ಹತ್ತು ಹೇಳಿದರೆ ಒಂದನ್ನು ನಂಬುವುದು, ಆ ಒಂದನ್ನೂ ಮುಂಡರಗಿಯವಳನ್ನು ಕೇಳಿ ನಂಬುವುದು. ಮುಂಡರಗಿಯವಳೆಂದರೆ ನನ್ನನ್ನು ಬಿಟ್ಟರೆ ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೆರೆ ಎಳೆಯುವ ಹುಡುಗಿ. ನನ್ನನ್ನು ಬಿಡದಿದ್ದರೂ ಅವಳೇ, ಆದರೆ ಇದು ನಮ್ಮ ನಿಮ್ಮೊಳಗೆ ಇರಲಿ.

ಈ ವರ್ಷ, ಎರಡನೇ ವರ್ಷದ ಮೊದಲ ಸೆಮಿಸ್ಟರಿಗೆ, ಸರ್ ಕೊಟ್ಟ ಕೆಲಸ ಕೇಳಲು ಸಪ್ಪೆಯಾಗಿತ್ತು. ಒಬ್ಬೊಬ್ಬರು ಒಂದೊಂದು ಕಟ್ಟಡ ಆರಿಸಿಕೊಳ್ಳಬೇಕು. ಕುಳಿತ ಜಾಗ ಬದಲಿಸಬಾರದು. ಸೆಮಿಸ್ಟರ್ ಮುಗಿಯುವವರೆಗೂ ಪ್ರತಿ ವಾರ ಅದನ್ನೇ ಬರೆಯಬೇಕು. ಬರೀ ಗೆರೆ, ನೆರಳು ತುಂಬುವಂತಿಲ್ಲ. ಮುಂಡರಗಿಯವಳು ಲಕ್ಷ್ಮೇಶ್ವರದ ಹಳೆಯ ಗುಡಿಯೊಂದನ್ನು ಆರಿಸಿಕೊಂಡು ಪ್ರತಿ ವಾರ ಬಸ್ಸಿನಲ್ಲಿ ಬೋರ್ಡು ಹೊತ್ತು ಹೋಗುತ್ತಿದ್ದಳು. ನಾನು ಬೆಟಗೇರಿಯ ಓಣಿಯೊಂದರ ನೀಲಿ ಮನೆಯನ್ನು ಆರಿಸಿಕೊಂಡೆ. ಅದರ ಶಿಲ್ಪ ಸೌಂದರ್ಯವೇನೂ ಇಲ್ಲ. ಎದುರು ಮನೆಯ ಮುಂದೆ ಬೇವಿನ ನೆರಳಿನ ಕಟ್ಟೆ ಇತ್ತು, ಮನೆಯೊಳಗೆ ಚಿಗವ್ವ ರೊಟ್ಟಿ ಬಡಿಯುತ್ತಿದ್ದಳು. ಕಲಾವಿದನಿಗೆ ಹಸಿವು ಬೇಕು ಎನ್ನುತ್ತಾರೆ. ನನ್ನ ಪ್ರಕಾರ ಅದನ್ನು ಹೇಳಿದವನಿಗೆ ರೊಟ್ಟಿ ಬಡಿಯುವ ಚಿಗವ್ವ ಇರಲಿಲ್ಲ.

ಚಿಗವ್ವ ಅಂದರೆ ನಮ್ಮವ್ವನ ತಂಗಿ. ನಮ್ಮ ಮನೆ ಶಿರಹಟ್ಟಿಯಲ್ಲಿ. ಕಾಲೇಜಿಗೆಂದು ನಾನು ಬೆಟಗೇರಿಯಲ್ಲಿ ಅವಳ ಮನೆಯಲ್ಲಿ ಉಳಿದಿದ್ದೇನೆ. ಪಕ್ಕದ ಓಣಿಯ ಈ ಹಳೆಯ ಮನೆಯನ್ನು ಅವಳು ಖಡಕ್ ರೊಟ್ಟಿಯ ಕೆಲಸಕ್ಕೆಂದು ಬಾಡಿಗೆಗೆ ಹಿಡಿದಿದ್ದಳು. ಓಣಿಯ ನಾಲ್ಕೈದು ಹೆಣ್ಣುಮಕ್ಕಳು ಬೆಳಗಾದರೆ ಅಲ್ಲಿ ಒಲೆ ಹಚ್ಚುತ್ತಿದ್ದರು. ಅಂತೂರ ಬೆಂತೂರದ ಬಿಳಿಜೋಳವೇ ಆಗಬೇಕು, ಬೇರೆ ಜೋಳ ತಂದರೆ ಚಿಗವ್ವ ಹಿಟ್ಟಿನ ಜೊತೆ ಮಾತೇ ಬಿಡುತ್ತಿದ್ದಳು. ಆ ತಿಂಗಳು ಮಹಾನವಮಿಗೆ ನಡೆಯುವ ಪುರಾಣ ಪ್ರವಚನದ ಪ್ರಸಾದದೂಟಕ್ಕೆ ರೊಟ್ಟಿ ಒಪ್ಪಿಕೊಂಡಿದ್ದಳು. ಒಪ್ಪಿಕೊಂಡ ಮೇಲೆ ಒಲೆ ಆರುವಂತಿಲ್ಲ. ಪ್ರಸಾದಕ್ಕೆ ಕಡಿಮೆ ಬಿದ್ದರೆ ಮುಂದೆ ಯಾರೂ ಅವಳಿಗೆ ರೊಟ್ಟಿ ಹೇಳುವುದಿಲ್ಲ.

ಮನೆಯ ಬಗ್ಗೆ ಸ್ವಲ್ಪ ಹೇಳಬೇಕು. ಮೊಳಗಟ್ಟಲೆ ದಪ್ಪದ ಮಣ್ಣಿನ ಗೋಡೆ. ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ನಮ್ಮ ಕಡೆ ಇದಕ್ಕೆ ಮೇಲ್ಮುದ್ದೆ ಎನ್ನುತ್ತಾರೆ. ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣು ತಂದು ಮೇಲೆ ಹರವಿ ಬಡಿದರೆ ನೀರು ಒಳಗಿಳಿಯುವುದಿಲ್ಲ. ಹಳೆಯ ಮಣ್ಣನ್ನು ಕೆರೆದು ತೆಗೆದು ಹೊಸದು ಹಾಕಬೇಕು ಎಂಬುದು ಮಾತ್ರ ಯಾರಿಗೂ ನೆನಪಿರುವುದಿಲ್ಲ. ವರ್ಷ ವರ್ಷ ಒಂದರ ಮೇಲೊಂದು ಕಂಬಳಿ ಹೊದಿಸಿದಂತೆ ಹೊದಿಸುತ್ತಾರೆ. ಮನೆಯ ಮಾಲೀಕರು, ಬಟ್ಟೆ ಅಂಗಡಿಯ ಹಿರಿಯರು, ಅದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದರು: ಅವರ ಮುತ್ತಜ್ಜ ಹಾಕಿದ ಮಣ್ಣೂ ಅದರಲ್ಲಿ ಭದ್ರವಾಗಿದೆಯಂತೆ. ಈ ಬೇಸಿಗೆಯಲ್ಲಿ ಅವರು ಇನ್ನೊಂದು ಹೊದಿಕೆ ಹಾಕಿಸಿದ್ದಲ್ಲದೆ, ಓಣಿಯ ಕಡೆಯ ಗೋಡೆಗೆ ಸಿಮೆಂಟು ಬಳಿಸಿ ನೀಲಿ ಬಣ್ಣ ಹಚ್ಚಿಸಿದ್ದರು. ಒಳಗೆ ಮಣ್ಣು, ಹೊರಗೆ ಸಿಮೆಂಟು. ಮುದುಕನಿಗೆ ಮದುಮಗನ ಕೋಟು ತೊಡಿಸಿದ ಹಾಗೆ ಮನೆ ಹೊಸದಾಗಿ ಮಿಂಚುತ್ತಿತ್ತು. ಒಂದು ಬಿರುಕೂ ಕಾಣುತ್ತಿರಲಿಲ್ಲ.

ಕೆಲಸದ ರೀತಿ ಹೀಗೆ. ಕೈಯನ್ನು ಮೊಣಕೈ ಬಗ್ಗದಂತೆ ಪೂರ್ತಿ ಚಾಚಬೇಕು, ಒಂದು ಕಣ್ಣು ಮುಚ್ಚಬೇಕು. ಪೆನ್ಸಿಲಿನ ತುದಿ ಬಾಗಿಲಿನ ಮೇಲಂಚಿಗೆ ತಾಗಿದಂತೆ ಹಿಡಿದು ಹೆಬ್ಬೆರಳನ್ನು ಕೆಳಗಂಚಿಗೆ ಸರಿಸಬೇಕು. ಅದು ಒಂದು ಅಳತೆ. ಗೋಡೆ ಎಷ್ಟು ಬಾಗಿಲು ಎತ್ತರ, ಎಷ್ಟು ಬಾಗಿಲು ಅಗಲ ಎಂದು ಅದರಲ್ಲೇ ಲೆಕ್ಕ. ನೆಟ್ಟಗಿರುವ ಗೆರೆಗಳಿಗೆ ತೂಗುದಾರ. ಚಿಗವ್ವನ ಹೊಲಿಗೆ ದಾರಕ್ಕೆ ಸೈಕಲ್ ಅಂಗಡಿಯ ಒಂದು ನಟ್ಟು ಕಟ್ಟಿ ನಾನೇ ತಯಾರಿಸಿದ್ದೆ. ಅದನ್ನು ಕಣ್ಣ ಮುಂದೆ ಇಳಿಬಿಟ್ಟು ಹಿಂದಿನ ಗೋಡೆಯ ಅಂಚಿನ ಜೊತೆ ಹೋಲಿಸಬೇಕು. ಓಣಿಯ ಮಕ್ಕಳು ನನ್ನನ್ನು ಜಮೀನು ಅಳೆಯಲು ಬಂದ ಸರಕಾರಿ ಸಾಹೇಬನೆಂದು ತಿಳಿದಿದ್ದರು. ನಾನು ತಿದ್ದಲು ಹೋಗಲಿಲ್ಲ. ಒಬ್ಬ ಮುದುಕ ಬಂದು ತನ್ನ ಹಿತ್ತಲಿನ ತಂಟೆಯನ್ನೂ ಬಗೆಹರಿಸಿಕೊಂಡು ಹೋದ.

ತೊಂದರೆ ಮೊದಲನೇ ಹಾಳೆಯಲ್ಲೇ ಶುರುವಾಯಿತು. ನಾನು ಕೂರುತ್ತಿದ್ದದ್ದು ಗೋಡೆಗೆ ಓರೆಯಾಗಿ. ಗೋಡೆಯ ಬಲತುದಿಯ ಅಂಚು, ಅದರಾಚೆಯ ಸುಣ್ಣದ ಗೋಡೆಯ ಮುಂದೆ, ಕತ್ತರಿಸಿಟ್ಟಂತೆ ಸ್ಪಷ್ಟವಾಗಿ ಕಾಣುತ್ತಿತ್ತು. ದಾರವನ್ನು ಅದಕ್ಕೆ ಹೊಂದಿಸಿದರೆ ಬುಡದಲ್ಲಿ ಸರಿ ಕೂರುತ್ತಿತ್ತು. ನಡುವೆ ಅಂಚು ದಾರವನ್ನು ದಾಟಿ ಹೊರಬರುತ್ತಿತ್ತು. ದಾರ ಸುಳ್ಳು ಹೇಳುವುದಿಲ್ಲ ಎಂದು ಸರ್ ಕಲಿಸಿದ್ದರು. ನಾನು ಕಂಡಂತೆ ಬರೆದೆ.

ಮರುದಿನ ತರಗತಿಯಲ್ಲಿ ಹಾಳೆಗಳನ್ನು ಗೋಡೆಗೆ ಒರಗಿಸಿಟ್ಟಿದ್ದೆವು. ಸರ್ ನನ್ನದರ ಮುಂದೆ ನಿಂತು ಕೇಳಿದರು.

“ಏನಲೇ, ಈ ಗ್ವಾಡಿಗೆ ಎಂಟು ತಿಂಗಳೇನು?”

ಇಡೀ ತರಗತಿ ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ, ಯಾಕೆಂದರೆ ನನ್ನ ಮೇಲಿನ ನಗೆಯನ್ನು ಬೇರೆಯವರ ಕೈಗೆ ಕೊಡುವ ಅಭ್ಯಾಸ ನನಗಿಲ್ಲ. ಸೀಮಂತಕ್ಕೆ ಎಲ್ಲರೂ ಬರಬೇಕು ಎಂದೂ ಹೇಳಿದೆ. ಸರ್ ಕೆಂಪು ಪೆನ್ಸಿಲಿನಿಂದ ನನ್ನ ಬಾಗಿದ ಗೆರೆಯ ಪಕ್ಕಕ್ಕೆ ನೆಟ್ಟಗೊಂದು ಗೆರೆ ಎಳೆದು, ಗೋಡೆ ಎಂದರೆ ಗೋಡೆಯಂತಿರಬೇಕು, ಕಟ್ಟೆಯ ಮೇಲೆ ಸರಿಯಾಗಿ ಕೂರು ಎಂದರು. ಕಟ್ಟೆ ಓರೆ ಇರಬಹುದು, ಬೋರ್ಡು ಓರೆ ಇರಬಹುದು, ರೊಟ್ಟಿ ಹೆಚ್ಚಾಗಿ ನಾನೇ ಒಂದು ಕಡೆಗೆ ವಾಲಿರಬಹುದು ಎಂದುಕೊಂಡೆ. ರಬ್ಬರು ತಗೊಂಡು ಗಸಗಸ ಉಜ್ಜಿ, ಸ್ಕೇಲಿಟ್ಟು ಗೆರೆ ಎಳೆದು ಮತ್ತೆ ತೋರಿಸಿದೆ. ಸರ್ ಕೆಳಗೆ ‘ಗುಡ್’ ಎಂದು ಬರೆದರು. ಮುಂದಿನ ವಾರಗಳಲ್ಲಿ ಕೂತ ತಕ್ಷಣ ಸ್ಕೇಲಿನಿಂದ ಅಂಚು ಎಳೆದುಬಿಡುತ್ತಿದ್ದೆ, ಆಮೇಲೆ ಉಳಿದದ್ದನ್ನು ನೋಡುತ್ತಿದ್ದೆ. ಪ್ರತಿ ಹಾಳೆಗೂ ಗುಡ್. ದಾರ ಜೇಬಿನಲ್ಲೇ ಇತ್ತು.

ಈ ನಡುವೆ ಜಡಿ ಮಳೆ ಹಿಡಿಯಿತು. ಜೋರು ಮಳೆಯಾದರೆ ಬಂದು ಬಡಿದು ಹೋಗುತ್ತದೆ. ಇದು ಬೇಡದ ನೆಂಟನ ಹಾಗೆ ಕೂತುಬಿಡುವ ಮಳೆ. ಎದ್ದು ಹೋಗುವುದೂ ಇಲ್ಲ, ಜೋರಾಗಿ ಮಾತಾಡುವುದೂ ಇಲ್ಲ. ಒಳಗೆ ಜಂತಿಯ ಸಂದಿಯಿಂದ ಸಣ್ಣಗೆ ಮಣ್ಣು ಉದುರತೊಡಗಿತು. ಹಿಟ್ಟಿನಲ್ಲಿ ಹರಳು ಸಿಗುತ್ತಿದೆ ಎಂದು ಚಿಗವ್ವ ತನ್ನದೊಂದು ಹಳೆಯ ಇಳಕಲ್ ಸೀರೆಯನ್ನು ಜಂತಿಯ ಕೆಳಗೆ ಚಪ್ಪರದಂತೆ ಕಟ್ಟಿದಳು. ಬೆಳಗ್ಗೆ ಬಂದು ಸೀರೆ ಬಿಚ್ಚಿ ಮಣ್ಣು ಸುರಿದು ಮತ್ತೆ ಕಟ್ಟುವುದು. ಮೊದಮೊದಲು ಬೊಗಸೆಯಷ್ಟು ಬೀಳುತ್ತಿತ್ತು. ಆಮೇಲೆ ಬುಟ್ಟಿ ಬೇಕಾಯಿತು. ಇಲಿ ಕೆರೆಯುತ್ತಿವೆ ಎಂದು ಅವಳ ತೀರ್ಮಾನ. ಅಷ್ಟು ಮಣ್ಣು ಕೆರೆಯುವ ಇಲಿ ಎಮ್ಮೆಯಷ್ಟಿರಬೇಕು ಎಂದು ನಾನು ಹೇಳಿದ್ದಕ್ಕೆ ಎಲ್ಲರೂ ನಕ್ಕರು. ಕೆಂಪು ಸೀರೆಯ ಹೊಟ್ಟೆ ತಲೆಯ ಮೇಲೆ ಜೋತುಬಿದ್ದಿರುತ್ತಿತ್ತು, ಅದರ ಕೆಳಗೆ ಪಟಪಟ ರೊಟ್ಟಿ ಬಡಿಯುವ ಸದ್ದು. ಒಂದು ದಿನ ಮುಂಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ತೆರೆಯಲಿಲ್ಲ. ಇಬ್ಬರು ಹೆಗಲು ಕೊಟ್ಟು ದೂಡಿದರು. ಮಳೆಗೆ ಕಟ್ಟಿಗೆ ಉಬ್ಬಿದೆ ಎಂದುಕೊಂಡರು.

ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಬೆಳಗ್ಗೆ ಮುಂಡರಗಿಯವಳು ಬಂದಳು. ಲಕ್ಷ್ಮೇಶ್ವರದ ಬಸ್ಸು ತಪ್ಪಿತ್ತಂತೆ. ಅಷ್ಟೊಂದು ಗುಡ್ ಹುಟ್ಟುವ ಜಾಗ ಯಾವುದೆಂದು ನೋಡಬೇಕಿತ್ತಂತೆ. ನನ್ನ ಪಕ್ಕ ಕುಳಿತು, ರೊಟ್ಟಿ ತಿಂದು, ಬೋರ್ಡು ತೊಡೆಯ ಮೇಲಿಟ್ಟು ಸುಮ್ಮನೆ ನೋಡಿದಳು. ಅವಳು ಗೆರೆ ಎಳೆಯುವುದಕ್ಕಿಂತ ನೋಡುವುದೇ ಹೆಚ್ಚು. ಅದೊಂದು ದೊಡ್ಡ ಜಿಪುಣತನ. ಅಷ್ಟರಲ್ಲಿ ಮೋಡ ಸರಿದು ಬಿಸಿಲು ಬಿತ್ತು. ಓಣಿಯ ಕರೆಂಟ್ ಕಂಬದ ನೆರಳು ನೀಲಿ ಗೋಡೆಯ ಮೇಲೆ ಬಂತು.

“ಕಂಬ ನೆಟ್ಟಗ ಐತಿ,” ಎಂದಳು. “ಅದರ ನೆರಳು ಯಾಕ ಬಾಗೇತಿ?”

ನೋಡಿದೆ. ನೆರಳು ಗೋಡೆಯ ಬುಡದಿಂದ ನೆಟ್ಟಗೆ ಏರಿ, ನಡುವೆ ಬಿಲ್ಲಿನಂತೆ ಬಾಗಿ, ಮೇಲೆ ಹೋಗಿ ಮತ್ತೆ ಒಳಗೆ ಬಂದಿತ್ತು. ಸಪಾಟು ಗೋಡೆಯ ಮೇಲೆ ನೆಟ್ಟನೆಯ ಕಂಬದ ನೆರಳು ನೆಟ್ಟಗೇ ಬೀಳಬೇಕು. ಅದು ಮೊದಲ ವರ್ಷದ ಪಾಠ, ಪರೀಕ್ಷೆಯಲ್ಲಿ ನಾನು ಉತ್ತರ ಬರೆದು ಪಾಸಾಗಿದ್ದೇನೆ. ಜೇಬಿನಿಂದ ದಾರ ತೆಗೆದೆ. ಇಬ್ಬರೂ ಒಬ್ಬರಾದ ಮೇಲೊಬ್ಬರು ಹಿಡಿದೆವು. ಮೊದಲನೇ ವಾರ ದಾರಕ್ಕೂ ಅಂಚಿಗೂ ನಡುವೆ ಪೆನ್ಸಿಲಿನ ಸೀಸದಷ್ಟು ಸಂದಿ ಇತ್ತು. ಈಗ ಅಲ್ಲಿ ಪೆನ್ಸಿಲೇ ಹಿಡಿಸುತ್ತಿತ್ತು. ಬಿಸಿಲು ಹೋಯಿತು, ನೆರಳೂ ಹೋಯಿತು. ಗೋಡೆ ಮತ್ತೆ ಹೊಸ ನೀಲಿ ಗೋಡೆಯಾಗಿ ನಿಂತಿತು.

ನಾನು ಒಳಗೆ ಹೋಗಿ ಚಿಗವ್ವನಿಗೆ ಹೇಳಿದೆ. ಹೇಗೆ ಹೇಳಬೇಕೋ ಹಾಗೆ ಹೇಳಿದೆ: ಗೋಡೆ ಉಸಿರಾಡುತ್ತಿದೆ, ನಾನು ಕಣ್ಣಾರೆ ನೋಡಿದೆ, ಇವತ್ತು ಸಂಜೆಯೊಳಗೆ ಇಡೀ ಓಣಿ ನೆಲಸಮ, ಗದಗಿನ ಸ್ಟೇಶನ್ನಿನಲ್ಲಿ ರೈಲಿನ ಗಾಜುಗಳು ಒಡೆಯುತ್ತವೆ. ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಚಿಗವ್ವ ತಲೆ ಎತ್ತದೆ ಹಂಚಿನ ಮೇಲೆ ರೊಟ್ಟಿ ತಿರುವಿದಳು.

“ಹುಲಿ ಆಕಳಿಸಿತ್ತಂತ, ಈಗ ಗ್ವಾಡಿ ಉಸರಾಡತೈತಂತ. ನಾಳೆ ನನ್ನ ಹಂಚು ಹಾಡಾ ಹಾಡತೈತಿ ಅಂತೀ. ಹಿಟ್ಟ ಜರಡಿ ಹಿಡಿ ಬಾ ಇಲ್ಲೆ.”

ಮುಂಡರಗಿಯವಳು ಮೆಲ್ಲಗೆ ನೆರಳಿನ ವಿಷಯ ಹೇಳಲು ಹೋದಳು. ಆದರೆ ನನ್ನ ರೈಲಿನ ಗಾಜಿನ ಪಕ್ಕ ನಿಂತು ಯಾರು ಏನು ಹೇಳಿದರೂ ಅದು ನನ್ನ ಕಥೆಯ ಬಾಲದಂತೆ ಕಾಣುತ್ತಿತ್ತು. ಅದೇ ಹೊತ್ತಿಗೆ ಮಾಲೀಕರು ಛತ್ರಿ ಹಿಡಿದು ಬಂದರು. ವಿಷಯ ಕೇಳಿ ಅವರಿಗೆ ಸಿಟ್ಟು ಬರಲಿಲ್ಲ, ಕನಿಕರ ಬಂತು. ಹೊರಗೆ ಕರೆದೊಯ್ದು, ಎಮ್ಮೆಯ ಬೆನ್ನಿಗೆ ಬಡಿಯುವಂತೆ ಅಂಗೈಯಿಂದ ಗೋಡೆಗೆ ಬಡಿದು ತೋರಿಸಿದರು.

“ಫಿರಂಗಿ ಹೊಡದರೂ ಬೀಳೂದಲ್ಲ ತಮ್ಮಾ ಇದು. ಎಷ್ಟು ಗಟ್ಟಿ ಐತಿ ಕೇಳು.”

ಕೇಳಿದೆ. ಗಟ್ಟಿ ಗೋಡೆಗೆ ಬಡಿದರೆ ಬರೀ ಕೈಯ ಸದ್ದು ಬರಬೇಕು. ಇದು ಮಾಗಿದ ಕಲ್ಲಂಗಡಿಯಂತೆ ದಬದಬ ಎಂದಿತು. ಸಿಮೆಂಟಿಗೂ ಮಣ್ಣಿಗೂ ನಡುವೆ ಏನೋ ಬಿಟ್ಟುಕೊಂಡಿತ್ತು. ಮುಂಡರಗಿಯವಳು ನನ್ನನ್ನು ನೋಡಿದಳು. ಮಾಲೀಕರು ಇನ್ನೊಂದು ಸಲ ಬಡಿಯದಿದ್ದರೆ ಸಾಕೆಂದು ನನಗನ್ನಿಸಿತು.

ಯಾರೂ ನಂಬದಿದ್ದಾಗ ಸಾಮಾನ್ಯರು ಅಳುತ್ತಾರೆ. ನಾನು ಯೋಜನೆ ಹಾಕುತ್ತೇನೆ. ನಮ್ಮ ಪಾಠಪಟ್ಟಿಯಲ್ಲಿ ದುಡಿಯುವವರ ಚಿತ್ರ ಬರೆಯುವ ಒಂದು ಭಾಗವಿದೆ. ಸರ್ ಬಳಿ ಹೋಗಿ, ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ಮಾಡೆಲ್ ಆಗಲು ತುದಿಗಾಲಲ್ಲಿ ನಿಂತಿದ್ದಾರೆ ಎಂದೆ. ಚಿಗವ್ವನ ಬಳಿ ಬಂದು, ಇಡೀ ತರಗತಿ ನಿಮ್ಮ ಚಿತ್ರ ಬರೆಯಲು ಹಠ ಹಿಡಿದಿದೆ, ಚಿತ್ರಗಳು ಬೆಂಗಳೂರಿನ ಪ್ರದರ್ಶನಕ್ಕೆ ಹೋಗುತ್ತವೆ, ಆದರೆ ಒಳಗೆ ಬೆಳಕಿಲ್ಲ, ಒಲೆ ಹೊರಗೆ ಇಡಬೇಕು ಎಂದೆ. ಎದುರಿನ ಕಟ್ಟೆಯ ಮೇಲೆ ತಗಡಿನ ಮಾಡು ಇಳಿಸಿದ್ದರಿಂದ ಮಳೆಯ ಚಿಂತೆ ಇಲ್ಲ. ಮೇಲ್ಮುದ್ದೆ ಇವರ ತಲೆಯ ಮೇಲೆ ಬರುತ್ತದೆ ಎಂಬುದೊಂದೇ ನನ್ನ ಭಯವಾಗಿತ್ತು. ಆ ಸೀರೆಯ ಕೆಳಗಿಂದ ಇವರು ಹೊರಗೆ ಬಂದರೆ ಸಾಕಿತ್ತು.

ಬಂದರು. ಮರುದಿನ ಬೆಳಗ್ಗೆ ಕಟ್ಟೆಯ ಮೇಲೆ ಒಲೆಗಳು ಸಾಲಾಗಿ ಉರಿದವು. ಹೆಣ್ಣುಮಕ್ಕಳು ಪೌಡರು ಹಚ್ಚಿಕೊಂಡಿದ್ದರು, ಒಬ್ಬಳು ಮದುವೆಯ ಸರ ಹಾಕಿಕೊಂಡು ಹಿಟ್ಟು ಕಲಸುತ್ತಿದ್ದಳು. ಚಿಗವ್ವ ಮಾತ್ರ ದಿನದ ಸೀರೆಯಲ್ಲೇ ಇದ್ದಳು, ಆದರೆ ನಾನು ಅಲುಗಾಡಬೇಡ ಎಂದಾಗ ನೀರು ಸವರಿದ ಕೈಯನ್ನು ಹಂಚಿನ ಮೇಲೆ ಹಾಗೇ ಹಿಡಿದು ಕಲ್ಲಿನ ದೇವಿಯಾದಳು. ತರಗತಿಯವರು ಓಣಿಯ ಬಾಯಿಯಲ್ಲಿ, ಹನುಮಪ್ಪನ ಗುಡಿಯ ಮಾಡಿನ ಕೆಳಗೆ ಮಳೆ ತಪ್ಪಿಸಿಕೊಂಡು, ಸ್ಟೂಲು ಹಾಕಿಕೊಂಡು ಕೂತಿದ್ದರು. ಸರ್ ಹಿಂದೆ ಓಡಾಡುತ್ತಿದ್ದರು. ನನ್ನ ಯೋಜನೆಯ ಚಂದಕ್ಕೆ ನಾನೇ ಮರುಳಾಗಿ ಅವರ ನಡುವೆ ಕುಳಿತೆ.

ಆ ಸೆಮಿಸ್ಟರಿನಲ್ಲಿ ನಾನು ಕಟ್ಟೆ ಬಿಟ್ಟು ಬೇರೆ ಕಡೆ ಕುಳಿತದ್ದು ಅದೇ ಮೊದಲು. ಇಲ್ಲಿಂದ ಓಣಿ ಉದ್ದಕ್ಕೆ ಕಾಣುತ್ತಿತ್ತು: ಎಡಕ್ಕೆ ನೀಲಿ ಗೋಡೆ, ಬಲಕ್ಕೆ ಕಟ್ಟೆ, ಹೆಣ್ಣುಮಕ್ಕಳು, ನಡುವೆ ಓಣಿ.

ಸರ್ ಅಭ್ಯಾಸದ ಮಾತು ಹೇಳುತ್ತಿದ್ದರು: ಆಕೃತಿ ಸಿಗದಿದ್ದರೆ ಆಕೃತಿಯನ್ನು ನೋಡಬೇಡಿ, ಎರಡು ಆಕೃತಿಗಳ ನಡುವಿನ ಖಾಲಿ ಜಾಗದ ಆಕಾರ ಬರೆಯಿರಿ. ಚಿಗವ್ವನ ಭುಜ ನನಗೆ ಸಿಗುತ್ತಿರಲಿಲ್ಲ. ಸರಿ ಎಂದು ಅವಳ ಮತ್ತು ಗೋಡೆಯ ನಡುವಿನ ಖಾಲಿಯನ್ನು ಬರೆದೆ. ಕೆಳಗೆ ಓಣಿಯ ನೆಲದ ಅಗಲ, ಮೇಲೆ ಎರಡು ಮನೆಗಳ ನಡುವಿನ ಆಕಾಶದ ಪಟ್ಟಿ. ಬರೆದು ನೋಡಿದರೆ ಖಾಲಿ ಜಾಗ ನೆಟ್ಟಗೆ ನಿಂತಿರಲಿಲ್ಲ. ಕೆಳಗೆ ಅಗಲ, ಮೇಲೆ ಕಿರಿದು, ಬೋರಲು ಹಾಕಿದ ಕೊಡದಂತೆ. ಅಳಿಸಲಿಲ್ಲ. ದಾರ ಇಳಿಬಿಟ್ಟೆ. ಕಟ್ಟೆಯ ಹಿಂದಿನ ಗೋಡೆ ದಾರದ ಜೊತೆಗೇ ಇತ್ತು. ನೀಲಿ ಗೋಡೆ ಹೊಟ್ಟೆ ಮುಂದೆ ಮಾಡಿ, ತಲೆಯನ್ನೂ ಮುಂದಕ್ಕೆ ಚಾಚಿ, ರೊಟ್ಟಿ ಹೇಗೆ ಬಡಿಯುತ್ತಾರೆಂದು ಬಗ್ಗಿ ನೋಡುವ ಅತ್ತೆಯಂತೆ ನಿಂತಿತ್ತು.

ಮಣ್ಣು ಒಳಗೆ ಉದುರುತ್ತಿತ್ತು. ಗೋಡೆ ಹೊರಗೆ ಬರುತ್ತಿತ್ತು. ನಾನು ಅವರನ್ನು ಕರೆತಂದು ಕೂರಿಸಿದ್ದು ಹೊರಗೆ.

ಕೈ ಚಾಚಿ ಗೋಡೆಯ ಎತ್ತರ ಅಳೆದೆ, ಬುಡದಿಂದ ತುದಿಯವರೆಗೆ. ಹೆಬ್ಬೆರಳು ಅಲುಗದಂತೆ ಪೆನ್ಸಿಲನ್ನು ಹಾಗೇ ಅಡ್ಡ ತಿರುಗಿಸಿ ಬುಡದಿಂದ ಓಣಿಯ ಮೇಲೆ ಮಲಗಿಸಿದೆ. ಎತ್ತರವನ್ನು ಅಗಲದ ಜೊತೆ ಹೋಲಿಸುವುದು ಹೀಗೆಯೇ. ದಿನಕ್ಕೆ ನೂರು ಸಲ ಮಾಡುತ್ತೇವೆ. ಪೆನ್ಸಿಲು ಓಣಿಯನ್ನು ದಾಟಿತು, ಒಲೆಯನ್ನು ದಾಟಿತು. ಅದರ ತುದಿ ಚಿಗವ್ವನ ಆಚೆ ಹೋಗಿ ನಿಂತಿತು.

ಸ್ಟೂಲು ಬಿದ್ದ ಸದ್ದಿಗೆ ಎಲ್ಲರೂ ತಿರುಗಿದರು. ನಾನು ಹೋಗಿ ಚಿಗವ್ವನ ಮುಂದೆ ನಿಂತೆ. ಹೊಸ ಸುಳ್ಳೊಂದನ್ನು ಹುಡುಕಿದೆ. ನಿಜ ಹೇಳುತ್ತೇನೆ, ಒಂದೂ ಇರಲಿಲ್ಲ. ಹುಟ್ಟಿದಾಗಿನಿಂದ ತುಂಬಿ ತುಳುಕುವ ನನ್ನ ಉಗ್ರಾಣ ಗುಡಿಸಿಟ್ಟಂತಿತ್ತು.

“ಚಿಗವ್ವ, ಗ್ವಾಡಿ ಈ ಕಡೆ ಬೀಳತೈತಿ. ಇಲ್ಲೀತನಕ ಬರತೈತಿ. ಏಳು.”

ಅವಳು ಕೈ ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದಳು. ಉಳಿದದ್ದಕ್ಕೆ ಕಾಯುತ್ತಿದ್ದಳು: ರೈಲಿನ ಗಾಜಿಗೆ, ಎಮ್ಮೆಯಂಥ ಇಲಿಗೆ.

“ಅಷ್ಟ?” ಎಂದಳು.

“ಅಷ್ಟ.”

ಚಿಗವ್ವ ಎದ್ದಳು. ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಲೂ ಇಲ್ಲ, ತೆಗೆಯಲೂ ಇಲ್ಲ. ಅವಳು ರೊಟ್ಟಿಯನ್ನು ಹಂಚಿನ ಮೇಲೆ ಬಿಟ್ಟು ಎದ್ದದ್ದನ್ನು ನೋಡಿದ ಮೇಲೆ ಉಳಿದ ಹೆಣ್ಣುಮಕ್ಕಳಿಗೆ ಬೇರೆ ಪುರಾವೆ ಬೇಕಾಗಲಿಲ್ಲ. ಎಲ್ಲರೂ ಗುಡಿಯ ಅಂಗಳಕ್ಕೆ ಬಂದರು. ಸರ್ ಏನಾಯಿತೆಂದು ಕೇಳುತ್ತಿದ್ದರು. ಮುಂಡರಗಿಯವಳು ನನ್ನ ಸ್ಟೂಲು ಎತ್ತಿ ನಿಲ್ಲಿಸಿ ಅವರಿಗೆ ತೋರಿಸಿದಳು. ಸರ್ ಕುಳಿತರು, ಪೆನ್ಸಿಲ್ ಹಿಡಿದು ಕೈ ಚಾಚಿದರು, ಒಂದು ಕಣ್ಣು ಮುಚ್ಚಿದರು. ಪೆನ್ಸಿಲನ್ನು ಅಡ್ಡ ತಿರುಗಿಸಿದರು. ಆಮೇಲೆ ಎದ್ದು ಓಣಿಯ ಬಾಯಿಗೆ ಅಡ್ಡಲಾಗಿ ನಿಂತು, ಒಳಗೆ ಹೊರಟಿದ್ದ ಸೈಕಲ್ಲಿನವನೊಬ್ಬನನ್ನು ತಡೆದರು. ಮುಂಡರಗಿಯವಳು ಇನ್ನಿಬ್ಬರನ್ನು ಕರೆದುಕೊಂಡು ಓಣಿಯ ಆ ತುದಿಗೆ ಸುತ್ತು ಹಾಕಿ ಓಡಿದಳು.

ಏನೂ ಆಗಲಿಲ್ಲ. ಜಡಿ ಮಳೆ ಸುರಿಯುತ್ತಿತ್ತು. ಖಾಲಿ ಕಟ್ಟೆಯ ಮೇಲೆ ಒಲೆಗಳು ಉರಿಯುತ್ತಿದ್ದವು, ಬಿಟ್ಟುಬಂದ ರೊಟ್ಟಿ ಕರಕಾಗುವ ವಾಸನೆ ಬರುತ್ತಿತ್ತು. ಗೋಡೆ ನೀಲಿಯಾಗಿ, ಸುಮ್ಮನೆ, ಹೊಸದಾಗಿ ನಿಂತಿತ್ತು. ಸರ ಹಾಕಿಕೊಂಡವಳು ಕಲಸಿದ ಹಿಟ್ಟು ಹಾಳಾಗುತ್ತದೆ, ತಂದುಬಿಡುತ್ತೇನೆ ಎಂದು ಎರಡು ಸಲ ಹೊರಟಳು. ಎರಡು ಸಲವೂ ಚಿಗವ್ವ ಅವಳ ರಟ್ಟೆ ಹಿಡಿದು ಕೂರಿಸಿದಳು. ಯಾರೋ ಫೋನು ಮಾಡಿದ್ದರಿಂದ ಮಾಲೀಕರು ಬಂದರು. ತಮ್ಮ ಮನೆಯ ಹೆಸರು ಕೆಡಿಸುತ್ತಿದ್ದಾರೆ ಎಂದು ಕೂಗಾಡುತ್ತ ಓಣಿಯೊಳಗೆ ನಡೆಯಲು ಹೋದರು. ಸರ್ ಬಿಡಲಿಲ್ಲ. ಪ್ರಸಾದಕ್ಕೆ ರೊಟ್ಟಿ ಕಡಿಮೆ ಬಿದ್ದರೆ ಯಾರು ಹೊಣೆ ಎಂದು ಮಾಲೀಕರು ಚಿಗವ್ವನನ್ನು ಕೇಳಿದರು. ಅವಳು ನನ್ನ ಕಡೆ ನೋಡಲಿಲ್ಲ. ಅವಳು ನೋಡಿದ್ದರೆ ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಗೋಡೆ ಬೀಳಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆನೋ, ಬೀಳದಿರಲಿ ಎಂದೋ, ಅದೂ ಗೊತ್ತಿಲ್ಲ.

ಮೊದಲು ಸಿಮೆಂಟು ಬಂತು. ಬೋರ್ಡಿನಿಂದ ಹಾಳೆ ಬಿಚ್ಚಿದಂತೆ, ಅಷ್ಟು ದೊಡ್ಡ ನೀಲಿ ಹಾಳೆ ಒಂದೂ ಮಡಿಕೆಯಿಲ್ಲದೆ ಮುಂದಕ್ಕೆ ಬಾಗಿತು. ಅದರ ಹಿಂದೆ ಕಪ್ಪಗೆ ನೆನೆದ ಮಣ್ಣು ಕಂಡಿತು. ಆಮೇಲೆ ಜಂತಿಗಳು ಮುರಿದ ಸದ್ದು, ಆಮೇಲೆ ಮೇಲ್ಮುದ್ದೆ. ದೊಡ್ಡ ಸದ್ದೇನೂ ಆಗಲಿಲ್ಲ. ಭಾರಿ ಚೀಲವೊಂದನ್ನು ಯಾರೋ ಬೋರಲು ಹಾಕಿದಂತಾಯಿತು, ಅಷ್ಟೇ. ಮಾಲೀಕರ ಮುತ್ತಜ್ಜನ ಮಣ್ಣು, ಅಜ್ಜನ ಮಣ್ಣು, ಅಪ್ಪನ ಮಣ್ಣು, ಈ ಬೇಸಿಗೆಯ ಮಣ್ಣು ಒಂದರ ಹಿಂದೊಂದು ಇಳಿದು ಓಣಿಯನ್ನು ದಾಟಿ ಕಟ್ಟೆಯ ಮೇಲೆ ಬಂದವು. ಒಲೆಗಳು ಕಾಣಲಿಲ್ಲ. ತಗಡು ಕಾಣಲಿಲ್ಲ. ಸೆಮಿಸ್ಟರಿನ ಉದ್ದಕ್ಕೂ ನಾನು ಕೂತು ಕೂತು ನುಣುಪು ಮಾಡಿದ್ದ ಜಾಗ ಕಾಣಲಿಲ್ಲ. ಇಳಕಲ್ ಸೀರೆಯ ಒಂದು ತುದಿ ಮಾತ್ರ ಮಣ್ಣಿನಿಂದ ಹೊರಗೆ ಉಳಿದಿತ್ತು.

ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ಮುಟ್ಟಿ ಮುಟ್ಟಿ ನೋಡಿಕೊಂಡರು. ಮಾಲೀಕರು ಗುಡಿಯ ಮೆಟ್ಟಿಲ ಮೇಲೆ ಕುಳಿತರು, ಛತ್ರಿ ಬಿಚ್ಚಿಯೇ ಇತ್ತು. ಚಿಗವ್ವ ಹಿಟ್ಟು ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅದೇ ಕೈಯನ್ನು ನನ್ನ ತಲೆಯ ಮೇಲೆ ಇಟ್ಟಳು. ಬಾಚಿದ ಕೂದಲೆಲ್ಲ ಕೆಟ್ಟಿತು. ತಿದ್ದಿಕೊಳ್ಳಲಿಲ್ಲ.

ಪುರಾಣದ ರೊಟ್ಟಿ ಕಡಿಮೆ ಬೀಳಲಿಲ್ಲ. ಓಣಿಯ ಪ್ರತಿ ಮನೆಯವರು ತಮ್ಮ ತಮ್ಮ ಒಲೆಯ ಮೇಲೆ ಪಾಲು ಹಂಚಿಕೊಂಡು ಬಡಿದರು. ಕೆಲವು ರೊಟ್ಟಿ ದಪ್ಪ, ಕೆಲವು ಭಾರತದ ನಕಾಶೆ. ಚಿಗವ್ವ ಹಲ್ಲು ಕಚ್ಚಿಕೊಂಡು ಕಳಿಸಿದಳು.

ಸೆಮಿಸ್ಟರಿನ ಕೊನೆಗೆ ನನ್ನ ಹಾಳೆಗಳನ್ನೆಲ್ಲ ಸರ್ ಮುಂದೆ ಹರವಿದೆ. ಅವರು ಬಹಳ ಹೊತ್ತು ನೋಡಿ, ಮೊದಲನೇ ದಿನದ ಗೆರೆ ಎಲ್ಲಿದೆ ಎಂದು ಕೇಳಿದರು. ಅದರೊಳಗೇ ಇದೆ ಎಂದೆ. ನನ್ನ ಕೈ ಭಾರ. ಒತ್ತಿ ಬರೆದದ್ದನ್ನು ರಬ್ಬರು ಅಳಿಸಿದರೂ ಕಾಗದದ ಮೇಲಿನ ಗೀರು ಹೋಗುವುದಿಲ್ಲ. ಸರ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದರು. ಸ್ಕೇಲಿನ ಕಪ್ಪು ಗೆರೆಯ ಪಕ್ಕದಲ್ಲಿ, ಬಣ್ಣವಿಲ್ಲದೆ, ಬಾಗಿದ ಗೀರು ನೆರಳಿನಂತೆ ಎದ್ದಿತು. ಅವರು ನನ್ನ ರಬ್ಬರು ಇಸಿದುಕೊಂಡು ಕೆಳಗಿದ್ದ ತಮ್ಮ ‘ಗುಡ್’ ಅನ್ನು ಅಳಿಸತೊಡಗಿದರು. ಕೆಂಪು ಪೆನ್ಸಿಲು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಗುಲಾಬಿ ಕಲೆ ಉಳಿಯಿತು. ಹಾಳೆಯನ್ನು ಅವರೇ ಇಟ್ಟುಕೊಂಡರು.

ಚಿಗವ್ವನಿಗೆ ಬೆಟಗೇರಿಯಲ್ಲೇ ಬೇರೊಂದು ಜಾಗ ಸಿಕ್ಕಿದೆ, ಹಿಂದೆ ಕೈಮಗ್ಗ ಹಾಕಿದ್ದ ಒಂದು ಮನೆ. ಕಲ್ಲಿನ ಗೋಡೆ, ಮೇಲೆ ತಗಡು, ಮಣ್ಣಿಲ್ಲ. ನಿನ್ನೆ ಸಾಮಾನು ತಂದರು. ಹೊಸ ಹಂಚುಗಳನ್ನು ಗೋಣಿಚೀಲದಲ್ಲಿ ಹೊತ್ತ ಹೆಣ್ಣುಮಕ್ಕಳು ಒಳಗೆ ಹೊರಟರೆ ಚಿಗವ್ವ ಹೊಸ್ತಿಲಿಗೆ ಅಡ್ಡ ನಿಂತಳು. ನನ್ನನ್ನು ಕರೆದಳು.

“ಮೊದಲ ಇದರ ಗ್ವಾಡಿ ಬರಿ. ಒಲಿ ಆಮ್ಯಾಲ ಹಚ್ಚೂಣು.”

ಓಣಿಯ ಆಚೆ ಹೋಗಿ ನಿಂತು, ಕೈ ಚಾಚಿ, ಒಂದು ಕಣ್ಣು ಮುಚ್ಚಿದೆ. ಜೇಬಿನಿಂದ ದಾರ ತೆಗೆದು ಇಳಿಬಿಟ್ಟೆ. ಗಾಳಿ ಇತ್ತು. ನಟ್ಟು ಗೋಡೆಯ ಅಂಚನ್ನು ದಾಟಿ ಆ ಕಡೆ ಹೋಯಿತು, ಈ ಕಡೆ ಬಂತು, ಮತ್ತೆ ಹೋಯಿತು. ಹೆಣ್ಣುಮಕ್ಕಳು ಚೀಲಗಳನ್ನು ಕೆಳಗಿಳಿಸದೆ ನಿಂತಿದ್ದರು. ನಾನು ಏನಾದರೂ ತಮಾಷೆ ಹೇಳುತ್ತೇನೆಂದು ಯಾರೂ ಕಾಯುತ್ತಿರಲಿಲ್ಲ.

“ಏನಂತೈತಿ?” ಎಂದಳು ಚಿಗವ್ವ.

“ತಡಿ,” ಎಂದೆ. “ಇನ್ನ ನಿಂತಿಲ್ಲ.”